5 ಅಡಿ 9 ಅಂಗುಲದ ಲೈನ್‌ಬ್ಯಾಕರ್

(ದೈಹಿಕ ಶಿಕ್ಷಣ ತರಬೇತಿಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನನ್ನ ಮಗಳ ಮನೆ ಇರುವುದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶಾರ್ಲೆಟ್ ಊರಿನಲ್ಲಿ. ನಿವೃತ್ತಿಯಾದ ಮೇಲೆ ಎರಡು ಸಲ ಹೋಗಿ ಹತ್ತು ತಿಂಗಳು ಅಲ್ಲಿದ್ದೆ. ಬೆಳಗ್ಗೆ ಅವರು ಕೆಲಸಕ್ಕೆ ಹೋದರೆ ಸಂಜೆಯವರೆಗೂ ನಾನು ಊರು ಸುತ್ತಬೇಕು. ಹಾಗೆ ಸುತ್ತುವಾಗ ಬ್ಯಾಂಕ್ ಆಫ್ ಅಮೆರಿಕ ಸ್ಟೇಡಿಯಂನ ಹೊರಗೆ ಒಂದು ಕಂಚಿನ ಪ್ರತಿಮೆ ಕಂಡೆ. ಅಂಗಿಯ ಮೇಲೆ 51 ಎಂಬ ಅಂಕಿ. ಹೆಸರು ಸ್ಯಾಮ್ ಮಿಲ್ಸ್, ಅಮೆರಿಕನ್ ಫುಟ್‌ಬಾಲ್ ಆಟಗಾರ. ಮೂವತ್ತು ವರ್ಷ ಮೇಷ್ಟ್ರಾಗಿ ಮೈದಾನದಲ್ಲಿ ಸಿಳ್ಳೆ ಊದಿದವನು ನಾನು. ಆಟಗಾರನ ಪ್ರತಿಮೆ ಕಂಡರೆ ಸುಮ್ಮನೆ ದಾಟಿ ಹೋಗುವುದು ನನ್ನಿಂದಾಗದು. ಮನೆಗೆ ಬಂದು ಅಳಿಯನನ್ನು ಕೇಳಿದೆ, ಗ್ರಂಥಾಲಯಕ್ಕೆ ಹೋಗಿ ಓದಿದೆ, ಹಳೆಯ ಪಂದ್ಯಗಳನ್ನು ಹುಡುಕಿ ನೋಡಿದೆ. ಇವತ್ತು ನಿಮ್ಮ ಮುಂದೆ ಹೇಳಹೊರಟಿರುವುದು ಆ ಮನುಷ್ಯನ ಕಥೆ.

ಮೊದಲು ಒಂದು ಕೆಲಸ ಮಾಡಿ. ನಿಮ್ಮಲ್ಲಿ 5 ಅಡಿ 9 ಅಂಗುಲಕ್ಕಿಂತ ಎತ್ತರ ಇರುವವರು ಕೈ ಎತ್ತಿ. ನೋಡಿ, ಎಷ್ಟೊಂದು ಕೈಗಳು! ಸ್ಯಾಮ್ ಮಿಲ್ಸ್ ಎತ್ತರ 5 ಅಡಿ 9 ಅಂಗುಲ. ಅವನು ಆಡಿದ ಜಾಗದಲ್ಲಿ ಆಡುವವರು ಸಾಮಾನ್ಯವಾಗಿ 6 ಅಡಿ 1, 6 ಅಡಿ 2 ಇರುತ್ತಾರೆ. ಅವನ ಎದುರಿಗೆ ಬಂದು ಡಿಕ್ಕಿ ಹೊಡೆಯುತ್ತಿದ್ದವರಂತೂ ಆರೂವರೆ ಅಡಿಯ ಹತ್ತಿರ, ನೂರಮೂವತ್ತು ಕಿಲೋ ತೂಕ. ಅಂಥವರ ನಡುವೆ ಇವನು ವೃತ್ತಿಪರ ಆಟದಲ್ಲಿ ಹದಿನೈದು ಸೀಸನ್ ಬಾಳಿದ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೀಗೆ ಗಜ ಗಜ ನೆಲ ಗೆಲ್ಲುತ್ತಾ ಎದುರಾಳಿಯ ಗಡಿ ದಾಟಬೇಕು. ಚೆಂಡನ್ನು ಎದೆಗೆ ಅವುಚಿಕೊಂಡು ಓಡಬಹುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಅನ್ನುವವನು ಮುಂದಕ್ಕೆ ಎಸೆಯಬಹುದು. ತಡೆಯುವ ತಂಡದಲ್ಲಿ ಮೂರು ಸಾಲು. ಮುಂದಿನ ಸಾಲಿನವರು ಎದುರಾಳಿಯ ಮೂಗಿಗೆ ಮೂಗು ಕೊಟ್ಟು ನೆಲಕ್ಕೆ ಬಾಗಿ ಕೂತಿರುತ್ತಾರೆ. ಹಿಂದಿನ ಸಾಲಿನವರು ದೂರದ ಎಸೆತ ಕಾಯುತ್ತಾರೆ. ಇವೆರಡರ ನಡುವೆ, ಮುಂದಿನ ಸಾಲಿನಿಂದ ನಾಲ್ಕೈದು ಗಜ ಹಿಂದೆ, ನಿಂತೇ ಕಾಯುವವರು ಲೈನ್‌ಬ್ಯಾಕರ್‌ಗಳು. ಓಡಿ ಬಂದರೆ ಇವರೇ ಕೆಡವಬೇಕು. ಎಸೆದರೆ ಹಿಂದಕ್ಕೆ ಓಡಿ ಹಿಡಿಯುವವನ ಬೆನ್ನು ಹತ್ತಬೇಕು. ಒಮ್ಮೊಮ್ಮೆ ಕ್ವಾರ್ಟರ್‌ಬ್ಯಾಕ್ ಮೇಲೆಯೇ ನುಗ್ಗಬೇಕು. ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ಸಿಗುವ ಹೊತ್ತು ಅರ್ಧ ಸೆಕೆಂಡಿಗಿಂತ ಹೆಚ್ಚಿಲ್ಲ.

ಆ ಅರ್ಧ ಸೆಕೆಂಡನ್ನು ನಿಮಗೆ ಹತ್ತಿರದಿಂದ ತೋರಿಸಬೇಕು. ನೀವು ಲೈನ್‌ಬ್ಯಾಕರ್ ಅಂದುಕೊಳ್ಳಿ. ಚೆಂಡು ಎಲ್ಲಿದೆ ಎಂದು ಹುಡುಕಿದಿರೋ, ಕೆಟ್ಟಿರಿ. ದೊಡ್ಡ ದೊಡ್ಡ ಮೈಗಳ ಹಿಂದೆ ಅದು ಕಾಣುವುದೇ ಇಲ್ಲ. ಮೇಲಾಗಿ ಚೆಂಡು ಕೊಟ್ಟಂತೆ ನಟಿಸಿ ಮೋಸ ಮಾಡುವುದು ಅವರ ಕಸುಬು. ಹಾಗಾದರೆ ನೋಡುವುದು ಏನನ್ನು? ಎದುರಾಳಿಯ ಮುಂದಿನ ಸಾಲಿನಲ್ಲಿ ನಡುವಿನವನ ಅಕ್ಕಪಕ್ಕ ಇಬ್ಬರು ಇರುತ್ತಾರೆ, ಗಾರ್ಡ್ ಎಂದು ಹೆಸರು. ಅವರನ್ನು ನೋಡಬೇಕು. ಅವರು ಒಂದು ಕೈಯನ್ನು ನೆಲಕ್ಕೆ ಊರಿ ಬಾಗಿರುತ್ತಾರೆ. ಆ ಕೈಬೆರಳುಗಳನ್ನು ನೋಡಿ. ಬೆರಳ ತುದಿ ರಕ್ತ ಇಳಿದು ಬೆಳ್ಳಗಾಗಿದೆಯೇ? ಮೈಭಾರ ಮುಂದಕ್ಕೆ ಬಿದ್ದಿದೆ, ಅವನು ಮುಂದೆ ನುಗ್ಗುವವನಿದ್ದಾನೆ, ಓಟದ ಆಟ ಬರುತ್ತದೆ. ಬೆರಳು ಸುಮ್ಮನೆ ನೆಲ ಮುಟ್ಟಿಕೊಂಡಿದೆಯೇ, ಭಾರ ಹಿಮ್ಮಡಿಯ ಮೇಲಿದೆಯೇ? ಹಿಂದೆ ಸರಿದು ಗೋಡೆಯಾಗಿ ನಿಲ್ಲುವವನು, ಎಸೆತ ಬರುತ್ತದೆ. ಆಟ ಶುರುವಾದ ಕೂಡಲೇ ಅವನ ಹೆಲ್ಮೆಟ್ ಮೇಲಕ್ಕೆದ್ದರೆ ಎಸೆತ, ತಗ್ಗಿಯೇ ಮುಂದೆ ಬಂದರೆ ಓಟ. ಸಾಲು ಬಿಟ್ಟು ಹಿಂದೆ ಸರಿದು ಪಕ್ಕಕ್ಕೆ ಓಡತೊಡಗಿದರೆ ಚೆಂಡೂ ಆ ಕಡೆಗೇ ಬರುತ್ತದೆ. ನೀವು ಅವನಿಗಿಂತ ಮೊದಲು ಅಲ್ಲಿರಬೇಕು.

ಕಬಡ್ಡಿ ಆಡಿದವರಿಗೆ ಇದು ಹೊಸದಲ್ಲ. ಮೂಲೆಯಲ್ಲಿ ನಿಂತ ಒಳ್ಳೆಯ ಹಿಡಿಗಾರ ದಾಳಿಗಾರನ ಮುಖ ನೋಡುವುದಿಲ್ಲ, ಕೈಯನ್ನೂ ನೋಡುವುದಿಲ್ಲ. ಪಾದ ನೋಡುತ್ತಾನೆ. ಮುಖ ಸುಳ್ಳು ಹೇಳಬಹುದು, ಭಾರ ಹೊತ್ತ ಕಾಲಿಗೆ ಸುಳ್ಳು ಹೇಳಲು ಬರುವುದಿಲ್ಲ. ಸ್ಯಾಮ್ ಮಿಲ್ಸ್ ಜೀವನವಿಡೀ ಮಾಡಿದ್ದು ಈ ಓದುವ ಕೆಲಸ. ಆದರೆ ಅವನನ್ನು ಆರಿಸಬೇಕಾದವರು ವರ್ಷಗಟ್ಟಲೆ ಅಳೆದದ್ದು ಅವನ ಎತ್ತರವನ್ನು. ಓದುವ ಕಣ್ಣನ್ನು ಅಳೆಯಲು ಟೇಪು ಇಲ್ಲವಲ್ಲ.

ಹುಟ್ಟಿದ್ದು 1959ರಲ್ಲಿ, ನ್ಯೂ ಜೆರ್ಸಿಯ ನೆಪ್ಚೂನ್‌ನಲ್ಲಿ. ಬೆಳೆದದ್ದು ಸಮುದ್ರದ ದಂಡೆಯ ಲಾಂಗ್ ಬ್ರಾಂಚ್ ಊರಲ್ಲಿ. ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಮಾಂಟ್‌ಕ್ಲೇರ್ ಸ್ಟೇಟ್ ಎಂಬ ಕಾಲೇಜು ಸೇರಿದ. ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ದರ್ಜೆಗಳಿವೆ. ಮಾಂಟ್‌ಕ್ಲೇರ್ ಇರುವುದು ಮೂರನೆಯ ದರ್ಜೆಯಲ್ಲಿ. ಆ ದರ್ಜೆಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವ ಪದ್ಧತಿ ಇಲ್ಲ. ಅಲ್ಲಿ ಅವನು ಎದುರಾಳಿಗಳನ್ನು ಕೆಡವಿದ ಲೆಕ್ಕ 501. ಆ ಕಾಲೇಜಿನ ದಾಖಲೆ ಅದು. ಇಷ್ಟಾದರೂ ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ವರ್ಷಕ್ಕೊಮ್ಮೆ ಕಾಲೇಜು ಹುಡುಗರನ್ನು ಹೆಸರು ಕರೆದು ಆರಿಸುತ್ತವಲ್ಲ, ಆ ಪಟ್ಟಿಯಲ್ಲಿ ಅವನ ಹೆಸರು ಯಾರೂ ಕರೆಯಲಿಲ್ಲ.

1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಶಿಬಿರಕ್ಕೆ ಹೋದ. ಕಳಿಸಿಬಿಟ್ಟರು. ಮರುವರ್ಷ ಕೆನಡಾಕ್ಕೆ ಹೋಗಿ ಟೊರಾಂಟೊ ಅರ್ಗೋನಾಟ್ಸ್ ಬಾಗಿಲು ತಟ್ಟಿದ. ಅಲ್ಲಿಯೂ ಬೇಡವೆಂದರು. ಊರಿಗೆ ವಾಪಸ್ ಬಂದು ಮೇಷ್ಟ್ರಾದ. ಈಸ್ಟ್ ಆರೆಂಜ್ ಹೈಸ್ಕೂಲಿನಲ್ಲಿ ಮಕ್ಕಳಿಗೆ ಫೋಟೊಗ್ರಫಿ ಮತ್ತು ಮರಗೆಲಸ ಹೇಳಿಕೊಟ್ಟ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಅವನ ಕಥೆ ಹೇಳುವವರೆಲ್ಲ ಈ ಮೇಷ್ಟ್ರ ದಿನಗಳನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಓಡುತ್ತಾರೆ, ಅದೇನೋ ಕಷ್ಟದ ಕಾಲ ಅನ್ನುವ ಹಾಗೆ. ನನಗೆ ಹಾಗನ್ನಿಸುವುದಿಲ್ಲ. ಆಗಿನ ಫೋಟೊಗ್ರಫಿ ಎಂದರೆ ಕತ್ತಲಕೋಣೆ. ಕೆಂಪು ದೀಪದ ಕೆಳಗೆ, ರಾಸಾಯನಿಕದ ತಟ್ಟೆಯಲ್ಲಿ ಬಿಳಿ ಕಾಗದ ಮುಳುಗಿಸಿ ಕಾಯಬೇಕು. ಮೊದಲು ಏನೂ ಇಲ್ಲ. ಆಮೇಲೆ ಒಂದು ಬೂದು ಅಂಚು, ಒಂದು ಭುಜದ ಗೆರೆ. ಪೂರ್ತಿ ಚಿತ್ರ ಬರುವ ಮೊದಲೇ ಇದು ಯಾರು ಎಂದು ಗುರುತಿಸುವ ಕಣ್ಣು ಬೇಕು. ಅಲ್ಲಿ ಅವನಿಗೆ ಏನು ದಕ್ಕಿತೋ ನಾನು ಹೇಳಲಾರೆ, ಅವನ ಮನಸ್ಸಿನೊಳಗೆ ನಾನು ಹೋಗಿಲ್ಲ. ಆದರೆ ಮುಂದೆ ಅವನ ಜೊತೆ ಆಡಿದವರೂ ಅವನಿಗೆ ಕಲಿಸಿದವರೂ ಒಂದೇ ಮಾತು ಹೇಳುತ್ತಾರೆ: ಎದುರಾಳಿಗಳ ಹಳೆಯ ಪಂದ್ಯಗಳ ಚಿತ್ರಸುರುಳಿಯನ್ನು ಅವನಷ್ಟು ಶ್ರದ್ಧೆಯಿಂದ ಕೂತು ನೋಡಿದವರು ಕಡಿಮೆ. ಮೇಷ್ಟ್ರಾಗಿದ್ದವನು ಪಾಠಕ್ಕೆ ಸಿದ್ಧನಾಗಿಯೇ ತರಗತಿಗೆ ಬರುತ್ತಾನೆ, ಅಷ್ಟೇ.

1983ರಲ್ಲಿ ಅಮೆರಿಕದಲ್ಲಿ ಹೊಸದೊಂದು ಲೀಗ್ ಹುಟ್ಟಿತು, ಯುಎಸ್‌ಎಫ್‌ಎಲ್. ಎನ್‌ಎಫ್‌ಎಲ್ ಆಡುವುದು ಶರತ್ಕಾಲದಿಂದ ಚಳಿಗಾಲದವರೆಗೆ. ಇವರು ವಸಂತದಲ್ಲಿ ಆಡುತ್ತೇವೆಂದರು. ಹನ್ನೆರಡು ತಂಡ. ಅದರಲ್ಲಿ ಫಿಲಡೆಲ್ಫಿಯಾ ಸ್ಟಾರ್ಸ್ ಒಂದು. ಮಿಲ್ಸ್‌ನನ್ನು ಕ್ಲೀವ್‌ಲ್ಯಾಂಡಿನಿಂದ ಕಳಿಸಿದ್ದ ಕೋಚ್ ಸ್ಯಾಮ್ ರುಟಿಗ್ಲಿಯಾನೊ ಅವರೇ ಸ್ಟಾರ್ಸ್ ತಂಡ ಕಟ್ಟುತ್ತಿದ್ದ ಕಾರ್ಲ್ ಪೀಟರ್ಸನ್‌ಗೆ ಈ ಹುಡುಗನನ್ನು ನೋಡಿ ಎಂದು ಹೇಳಿದರು. ತಾವು ಬಿಟ್ಟ ಹುಡುಗನ ಹೆಸರನ್ನು ಇನ್ನೊಬ್ಬರ ಕಿವಿಗೆ ಹಾಕುವುದಕ್ಕೆ ದೊಡ್ಡ ಮನಸ್ಸು ಬೇಕು. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವ ಜಾಗ ಇದು. ನೀವು ನಾಳೆ ಹುಡುಗರನ್ನು ಆರಿಸುತ್ತೀರಿ. ಆರಿಸುವವರು ಬಿಡಲೇಬೇಕಾಗುತ್ತದೆ, ಹನ್ನೆರಡು ಜಾಗಕ್ಕೆ ಎಪ್ಪತ್ತು ಜನ ಬಂದರೆ ಏನು ಮಾಡುವುದು? ಆದರೆ ಬಿಟ್ಟ ಹುಡುಗನ ಹೆಸರು ನೆನಪಿಟ್ಟುಕೊಂಡು ಪಕ್ಕದ ಊರಿನ ಮೇಷ್ಟ್ರಿಗೆ ಒಂದು ಮಾತು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಸ್ಟಾರ್ಸ್ ತಂಡದ ಕೋಚ್ ಜಿಮ್ ಮೋರಾ. ಅವರಿಗೂ ಮೊದಲಿಗೆ ಇವನ ಎತ್ತರದ್ದೇ ಚಿಂತೆ. ಆದರೆ ಅಭ್ಯಾಸದಲ್ಲಿ ಯಾವ ಕಡೆ ನೋಡಿದರೂ ಚೆಂಡಿನ ಬಳಿ ಇವನೇ. ಮೂರು ವರ್ಷ ಆ ಲೀಗ್ ನಡೆಯಿತು. ಮೂರೂ ವರ್ಷ ಸ್ಟಾರ್ಸ್ ಅಂತಿಮ ಪಂದ್ಯಕ್ಕೆ ಬಂತು, 1984 ಮತ್ತು 1985ರಲ್ಲಿ ಗೆದ್ದಿತು. ಮೂರೂ ವರ್ಷ ಲೀಗಿನ ಶ್ರೇಷ್ಠರ ತಂಡದಲ್ಲಿ ಮಿಲ್ಸ್ ಇದ್ದ.

ಆ ಲೀಗಿನ ಕೊನೆ ವಿಚಿತ್ರವಾದದ್ದು, ಹೇಳಿಬಿಡುತ್ತೇನೆ. ಎನ್‌ಎಫ್‌ಎಲ್ ಏಕಸ್ವಾಮ್ಯ ನಡೆಸಿ ನಮ್ಮನ್ನು ಮುಳುಗಿಸುತ್ತಿದೆ ಎಂದು ಅವರು ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ತೀರ್ಪು ಬಂತು. ನಿಮ್ಮ ಮಾತು ನಿಜ ಎಂದಿತು ಜ್ಯೂರಿ. ಪರಿಹಾರ ಎಷ್ಟು? ಒಂದು ಡಾಲರ್. ಅಲ್ಲಿನ ಕಾನೂನಿನ ಪ್ರಕಾರ ಅದಕ್ಕೆ ಮೂರು ಪಟ್ಟು, ಮೂರು ಡಾಲರ್. ಲೀಗ್ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಜಿಮ್ ಮೋರಾ ಅವರನ್ನು ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಕರೆದಿತ್ತು. ಅವರು ಜೊತೆಗೆ ಮಿಲ್ಸ್‌ನನ್ನೂ ಕರೆದುಕೊಂಡು ಹೋದರು. ಹಾಗೆ ಎನ್‌ಎಫ್‌ಎಲ್‌ನಲ್ಲಿ ಮಿಲ್ಸ್ ಮೊದಲ ಪಂದ್ಯ ಆಡುವಾಗ ವಯಸ್ಸು 27. ಆ ಆಟದಲ್ಲಿ ಎಷ್ಟೋ ಜನರ ವೃತ್ತಿ ಮುಗಿಯುವ ವಯಸ್ಸು ಅದು.

ಸೇಂಟ್ಸ್ ಎಂಥ ತಂಡ ಎಂದು ನಿಮಗೆ ತಿಳಿಯಬೇಕು. 1967ರಲ್ಲಿ ಹುಟ್ಟಿದ ತಂಡ. ಇಪ್ಪತ್ತು ವರ್ಷ, ಒಂದು ವರ್ಷವೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. 1980ರಲ್ಲಿ ಹದಿನಾರರಲ್ಲಿ ಹದಿನೈದು ಸೋತಾಗ ಅವರ ಸ್ವಂತ ಅಭಿಮಾನಿಗಳೇ ಮುಖ ತೋರಿಸಲಾರದೆ ಕಾಗದದ ಚೀಲಕ್ಕೆ ಕಣ್ಣಿನ ತೂತು ಮಾಡಿ ತಲೆಗೆ ಹಾಕಿಕೊಂಡು ಬಂದು ಕೂತಿದ್ದರು. ಮೋರಾ ಮತ್ತು ಮಿಲ್ಸ್ ಬಂದ ಎರಡನೆಯ ವರ್ಷ, 1987ರಲ್ಲಿ, ಆ ತಂಡ 12 ಗೆದ್ದು 3 ಸೋತಿತು. ಚೀಲಗಳು ಹೋದವು.

ಆ ಹೊತ್ತಿಗೆ ನಾಲ್ವರು ಲೈನ್‌ಬ್ಯಾಕರ್‌ಗಳು ಅಲ್ಲಿ ಕೂಡಿಕೊಂಡಿದ್ದರು. ಹೊರಗಿನ ಎರಡು ಬದಿಯಲ್ಲಿ ರಿಕಿ ಜಾಕ್ಸನ್ ಮತ್ತು ಪ್ಯಾಟ್ ಸ್ವಿಲಿಂಗ್. ಒಳಗೆ ವಾನ್ ಜಾನ್ಸನ್ ಮತ್ತು ಸ್ಯಾಮ್ ಮಿಲ್ಸ್. ಜಾನ್ಸನ್ ಕೂಡ ಮುಚ್ಚಿಹೋದ ಆ ವಸಂತದ ಲೀಗಿನಿಂದಲೇ ಬಂದವನು. ಸೇಂಟ್ಸ್ ಆಡುವುದು ಸೂಪರ್‌ಡೋಮ್ ಎಂಬ ಗುಮ್ಮಟದ ಕೆಳಗೆ, ಹಾಗಾಗಿ ಈ ನಾಲ್ವರಿಗೆ ಡೋಮ್ ಪ್ಯಾಟ್ರೋಲ್ ಎಂದು ಹೆಸರು ಬಿತ್ತು. ಗುಮ್ಮಟದ ಕಾವಲು. 1991 ಮತ್ತು 1992, ಎರಡೂ ವರ್ಷ ಇಡೀ ಎನ್‌ಎಫ್‌ಎಲ್‌ನಲ್ಲಿ ಎದುರಾಳಿಗೆ ಅತಿ ಕಡಿಮೆ ಅಂಕ ಕೊಟ್ಟ ತಂಡ ಸೇಂಟ್ಸ್. 1992ರಲ್ಲಿ ನಾಲ್ವರೂ ಪ್ರೊ ಬೌಲ್‌ಗೆ ಆಯ್ಕೆಯಾದರು. ಪ್ರೊ ಬೌಲ್ ಎಂದರೆ ಆಗ ನಡೆಯುತ್ತಿದ್ದ, ವರ್ಷದ ಶ್ರೇಷ್ಠರ ಪಂದ್ಯ. ಒಂದೇ ತಂಡದ ನಾಲ್ಕೂ ಲೈನ್‌ಬ್ಯಾಕರ್‌ಗಳು ಒಟ್ಟಿಗೆ ಹೋದದ್ದು ಆ ಲೀಗಿನ ಚರಿತ್ರೆಯಲ್ಲಿ ಅದೇ ಮೊದಲು.

ಆದರೂ ಆ ನಾಲ್ವರು ಒಟ್ಟಿಗೆ ಒಂದೇ ಒಂದು ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. 1987, 1990, 1991, 1992, ನಾಲ್ಕು ಸಲ ಹೋದರು, ನಾಲ್ಕು ಸಲವೂ ಮೊದಲ ಪಂದ್ಯದಲ್ಲೇ ಸೋತರು. ಗೆದ್ದವರ ಕಥೆಗಳನ್ನು ಮಾತ್ರ ಕೇಳಿ ಬೆಳೆದ ನಿಮಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅವರ ಆಟ ನೋಡಿದ ನ್ಯೂ ಆರ್ಲಿಯನ್ಸ್ ಜನ ಇವತ್ತಿಗೂ ಆ ನಾಲ್ಕು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಕುಳ್ಳಗಿದ್ದವನು ಅಷ್ಟು ದೊಡ್ಡವರನ್ನು ಹೇಗೆ ತಡೆದ? ಗರಡಿಗೆ ಹೋದವರು ಯಾರಾದರೂ ಇದ್ದೀರಾ? ನಿಮಗೆ ಉಸ್ತಾದರು ಮೊದಲು ಕಲಿಸುವುದು ಸೊಂಟ ಇಳಿಸುವುದನ್ನು. ಎದುರಾಳಿಯ ಸೊಂಟಕ್ಕಿಂತ ನಿನ್ನ ಸೊಂಟ ಕೆಳಗಿದ್ದರೆ ನೀನು ಅವನನ್ನು ಎತ್ತಬಹುದು, ಮೇಲಿದ್ದರೆ ಅವನು ನಿನ್ನನ್ನು ಎತ್ತುತ್ತಾನೆ. ಫುಟ್‌ಬಾಲಿನಲ್ಲೂ ಅದೇ ಸೂತ್ರ, ತಗ್ಗಿದವನೇ ಗೆಲ್ಲುತ್ತಾನೆ ಎಂದು ಅವರಲ್ಲೂ ಗಾದೆಯೇ ಇದೆ. 6 ಅಡಿ 5 ಅಂಗುಲದವನು ಮಿಲ್ಸ್‌ನ ಎದೆಗೆ ಕೈ ಕೊಡಬೇಕೆಂದರೆ ಮೊಣಕಾಲು ಎಷ್ಟು ಮಡಚಬೇಕು ಯೋಚಿಸಿ. ಅಷ್ಟು ಮಡಚಿ ಓಡಲಾಗುವುದಿಲ್ಲ. ಮಡಚದಿದ್ದರೆ ಮಿಲ್ಸ್‌ನ ಭುಜ ಅವನ ಪಕ್ಕೆಲುಬಿನ ಕೆಳಗೆ ಬಂದು ಕೂರುತ್ತದೆ. ನೂರು ಕಿಲೋ ದಾಟಿದ ಮೈ, ಗಟ್ಟಿ ತೊಡೆ, ಚಿಕ್ಕ ಚಿಕ್ಕ ವೇಗದ ಹೆಜ್ಜೆ. ಜೊತೆಗಾರರು ಪ್ರೀತಿಯಿಂದ ಅವನನ್ನು ಗದ್ದೆಯಿಲಿ ಎಂದು ಕರೆಯುತ್ತಿದ್ದರು, ಫೀಲ್ಡ್ ಮೌಸ್. ಅಷ್ಟು ದೊಡ್ಡ ಕಾಲುಗಳ ನಡುವೆ ಎಲ್ಲಿಂದ ನುಸುಳಿ ಬಂದ ಎಂದೇ ಗೊತ್ತಾಗುತ್ತಿರಲಿಲ್ಲ. ಯಾವುದನ್ನು ಕೊರತೆ ಎಂದು ಬರೆದುಕೊಂಡಿದ್ದರೋ ಅದೇ ಅವನ ಆಯುಧ.

ಈಗ ನನ್ನದೊಂದು ಕಥೆ ಹೇಳಬೇಕು. ಇದನ್ನು ಹೇಳದೆ ಸ್ಯಾಮ್ ಮಿಲ್ಸ್ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ವಾಲಿಬಾಲ್ ತಂಡ ಆರಿಸಲು ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ತಲೆ ಗೆರೆ ಮುಟ್ಟಿದವರು ಈ ಕಡೆ, ಮುಟ್ಟದವರು ಆ ಕಡೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಒಬ್ಬ ಹುಡುಗ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ತಲೆ ಗೆರೆ ಮುಟ್ಟಿತು. ಕೆಳಗೆ ನೋಡಿದೆ, ಎರಡೂ ಹಿಮ್ಮಡಿ ನೆಲ ಬಿಟ್ಟಿದ್ದವು. ಮೀನಖಂಡ ನಡುಗುತ್ತಿತ್ತು. "ಹಿಮ್ಮಡಿ ಇಳಿಸು" ಅಂದೆ. ಇಳಿಸಿದ. ತಲೆ ಗೆರೆಯಿಂದ ಎರಡು ಬೆರಳು ಕೆಳಗೆ ಹೋಯಿತು. ಏನೂ ಮಾತಾಡದೆ ಆ ಕಡೆಗೆ ನಡೆದುಹೋದ.

ಆ ಹುಡುಗನನ್ನು ನಾನು ಸಂಜೆ ಹೊತ್ತು ಆಡುವಾಗ ನೋಡಿದ್ದೆ. ಎದುರಿನವನು ಹೊಡೆಯಲು ಹಾರಿದಾಗಲೇ ಇವನ ಕಾಲು ಹೊರಟಿರುತ್ತಿತ್ತು. ಚೆಂಡು ಬೀಳುವ ಜಾಗದಲ್ಲಿ ಮುಂಚೆಯೇ ಇರುತ್ತಿದ್ದ. ವಾಲಿಬಾಲಿನಲ್ಲಿ ಲಿಬೆರೊ ಎಂಬ ಸ್ಥಾನ ಬಂದದ್ದು 1998ರಲ್ಲಿ. ಹಿಂದಿನ ಸಾಲಿನಲ್ಲಿ ಚೆಂಡು ಎತ್ತುವುದಕ್ಕೆಂದೇ ಇರುವ, ಎತ್ತರ ಬೇಡದ ಆಟಗಾರ. ನನ್ನ ಈ ಕಥೆ ಅದಕ್ಕಿಂತ ಹಿಂದಿನದು, ಆ ನೆಪ ನನಗಿದೆ. ಆದರೆ ನೆಪ ಅಷ್ಟೇ. ಕಂಡದ್ದನ್ನು ನಂಬದೆ ಗೆರೆಯನ್ನು ನಂಬಿದೆ. ಆ ಹುಡುಗ ಮತ್ತೆ ಅಂಗಳಕ್ಕೆ ಬರಲಿಲ್ಲ. ಶಾರ್ಲೆಟ್‌ನ ಪ್ರತಿಮೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ನಡುಗುವ ಮೀನಖಂಡ.

ಮುಂದಿನ ಭಾಗಕ್ಕೆ ಬರುತ್ತೇನೆ. 1995ರಲ್ಲಿ ಎನ್‌ಎಫ್‌ಎಲ್ ಎರಡು ಹೊಸ ತಂಡಗಳನ್ನು ಸೇರಿಸಿಕೊಂಡಿತು. ಒಂದು ಶಾರ್ಲೆಟ್‌ನ ಕೆರೊಲಿನಾ ಪ್ಯಾಂಥರ್ಸ್. ಒಂಬತ್ತು ವರ್ಷ ಸೇಂಟ್ಸ್‌ಗೆ ಆಡಿದ ಮಿಲ್ಸ್, ಮೂವತ್ತಾರರ ಹೊಸ್ತಿಲಲ್ಲಿ, ಇನ್ನೂ ಮನೆಯೇ ಕಟ್ಟಿರದ ಆ ತಂಡಕ್ಕೆ ಬಂದ. ಅಕ್ಷರಶಃ ಮನೆ ಇರಲಿಲ್ಲ. ಶಾರ್ಲೆಟ್ ಸ್ಟೇಡಿಯಂ ಕಟ್ಟುತ್ತಿದ್ದರು, ಮೊದಲ ವರ್ಷದ ತವರು ಪಂದ್ಯಗಳನ್ನೆಲ್ಲ ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಆಡಿದರು. ಮೊದಲ ಐದೂ ಪಂದ್ಯ ಸೋತರು. ಆರನೆಯದರಲ್ಲಿ ಗೆದ್ದರು. ಆ ಗೆಲುವಿನ ನಡುವೆ ಒಂದು ಕ್ಷಣ ಇದೆ, ಅದನ್ನು ಕೊನೆಯಲ್ಲಿ ಪರದೆಯ ಮೇಲೆ ತೋರಿಸುತ್ತೇನೆ.

ಆ ವರ್ಷ 7 ಗೆದ್ದು 9 ಸೋತರು, ಹೊಸ ತಂಡವೊಂದಕ್ಕೆ ಅದುವರೆಗಿನ ದಾಖಲೆ. ಮರುವರ್ಷ 12 ಗೆದ್ದು 4 ಸೋತು, ಪ್ಲೇಆಫ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಸೋಲಿಸಿದರು. ಮಿಲ್ಸ್‌ಗೆ ಆಗ 37. ಆ ವರ್ಷ ಐದನೆಯ ಸಲ ಪ್ರೊ ಬೌಲ್‌ಗೆ ಹೋದ, ಇಡೀ ಲೀಗಿನ ಶ್ರೇಷ್ಠ ತಂಡದಲ್ಲೂ ಹೆಸರು ಬಂತು. ಮೂವತ್ತೇಳರಲ್ಲಿ ಕಾಲು ನಿಧಾನವಾಗಿರಲೇಬೇಕು. ಕಾಲು ಕಳೆದುಕೊಂಡ ಚುರುಕನ್ನು ಕಣ್ಣು ತುಂಬಿಕೊಡುತ್ತಿತ್ತು. ಪ್ಯಾಂಥರ್ಸ್ ತಂಡದ ಮೊದಲ ಮೂರು ವರ್ಷಗಳಲ್ಲಿ ಪ್ರತಿ ಪಂದ್ಯವನ್ನೂ ಆರಂಭದಿಂದ ಆಡಿದ ಏಕೈಕ ಆಟಗಾರ ಅವನು. 1997ರ ಸೀಸನ್ ಮುಗಿಸಿ ನಿಲ್ಲಿಸಿದ. ಎನ್‌ಎಫ್‌ಎಲ್‌ನಲ್ಲಿ 12 ಸೀಸನ್, 181 ಪಂದ್ಯ.

ಒಂದು ಮಾತು ಪಕ್ಕಕ್ಕೆ. ಈ ಆಟವನ್ನು ನಿಮ್ಮ ಶಾಲೆಗಳಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ತಲೆಗೆ ತಲೆ ಬಡಿಯುವ ಆಟ ಇದು. ಸ್ಯಾನ್ ಡಿಯಾಗೋದ ಜೂನಿಯರ್ ಸಿಯಾವ್ ಇವನಂತೆಯೇ ದೊಡ್ಡ ಲೈನ್‌ಬ್ಯಾಕರ್. 2012ರಲ್ಲಿ ಪ್ರಾಣ ಕಳೆದುಕೊಂಡಾಗ ವಯಸ್ಸು 43. ಆಮೇಲೆ ಅವನ ಮೆದುಳನ್ನು ಪರೀಕ್ಷಿಸಿದವರು, ಪದೇ ಪದೇ ತಲೆಗೆ ಬೀಳುವ ಪೆಟ್ಟುಗಳಿಗೆ ಸಂಬಂಧಿಸಿದ ಸಿಟಿಇ ಎಂಬ ಕಾಯಿಲೆ ಇತ್ತು ಎಂದರು. ನಮ್ಮ ಮಕ್ಕಳ ತಲೆ ನಮ್ಮ ಜವಾಬ್ದಾರಿ. ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಅದೇ ಪಂದ್ಯಕ್ಕೆ ವಾಪಸ್ ಇಳಿಸಬೇಡಿ, ಅವನು ಎಷ್ಟೇ ಬೇಡಿಕೊಳ್ಳಲಿ.

ಮಿಲ್ಸ್ ನಿವೃತ್ತನಾದ ಮೇಲೆ ಪ್ಯಾಂಥರ್ಸ್‌ನಲ್ಲೇ ಉಳಿದು ಲೈನ್‌ಬ್ಯಾಕರ್‌ಗಳ ಕೋಚ್ ಆದ. ಮತ್ತೆ ಮೇಷ್ಟ್ರು. 2003ರ ಆಗಸ್ಟ್‌ನಲ್ಲಿ ಅವನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಉಳಿದಿರುವುದು ಕೆಲವೇ ತಿಂಗಳು ಎಂದಿದ್ದರು. ಅದೇ ತಿಂಗಳು, ಅವನು ಕಲಿಸುತ್ತಿದ್ದ ಮಾರ್ಕ್ ಫೀಲ್ಡ್ಸ್ ಎಂಬ ಲೈನ್‌ಬ್ಯಾಕರ್‌ಗೂ ಹಾಜ್‌ಕಿನ್ಸ್ ಎಂಬ ಇನ್ನೊಂದು ಬಗೆಯ ಕ್ಯಾನ್ಸರ್ ಇದೆ ಎಂದು ತಿಳಿಯಿತು. ಮಿಲ್ಸ್ ಕೀಮೊಥೆರಪಿ ತೆಗೆದುಕೊಳ್ಳುತ್ತಲೇ ಕೆಲಸಕ್ಕೆ ಬಂದ. 2004ರ ಜನವರಿ 3ಕ್ಕೆ ಡಲ್ಲಾಸ್ ಜೊತೆ ಪ್ಲೇಆಫ್ ಪಂದ್ಯ. ಅದಕ್ಕೆ ಮುಂಚೆ ಆಟಗಾರರ ಮುಂದೆ ನಿಂತು ಮಾತಾಡಿದ. ಕಾಯಿಲೆ ಎಂದು ತಿಳಿದಾಗ ನನ್ನ ಮುಂದೆ ಇದ್ದದ್ದು ಎರಡೇ, ಬಿಟ್ಟುಬಿಡುವುದು ಅಥವಾ ಕೀಪ್ ಪೌಂಡಿಂಗ್, ಎಂದ. ನಾನು ಬಿಡಲಿಲ್ಲ, ನೀವೂ ಬಿಡಬೇಡಿ ಎಂದ.

ಕೀಪ್ ಪೌಂಡಿಂಗ್. ಈ ಎರಡು ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನಾನು ಬಹಳ ದಿನ ಒದ್ದಾಡಿದ್ದೇನೆ. ಗುದ್ದುತ್ತಿರು ಎಂದರೆ ಜಗಳದ ವಾಸನೆ. ಬಡಿಯುತ್ತಿರು ಎಂದರೆ ಕಮ್ಮಾರನ ಕುಲುಮೆ ನೆನಪಾಗುತ್ತದೆ, ಅದು ಕಾದಿರುವಾಗ ಮಾತ್ರ ಬಡಿಯುವ ಕೆಲಸ. ನನಗೆ ಹೊಂದಿದ್ದು ಕುಟ್ಟು. ನಮ್ಮ ಅಜ್ಜಿ ಒನಕೆ ಹಿಡಿದು ಭತ್ತ ಕುಟ್ಟುವುದನ್ನು ನೋಡಿದ್ದೇನೆ. ಒಂದು ಪೆಟ್ಟಿಗೆ ಏನೂ ಆಗುವುದಿಲ್ಲ. ಹತ್ತಕ್ಕೂ ಏನೂ ಕಾಣುವುದಿಲ್ಲ. ಲಯ ತಪ್ಪದ ಹಾಗೆ ಕುಟ್ಟುತ್ತಾ ಇದ್ದರೆ ಯಾವಾಗಲೋ ಹೊಟ್ಟು ಬಿಡುತ್ತದೆ. ಸಿಟ್ಟಿಲ್ಲದ, ಅವಸರವಿಲ್ಲದ, ನಿಲ್ಲಿಸದ ಕೆಲಸ. ಕುಟ್ಟುತ್ತಾ ಇರಿ. ಆ ಮನುಷ್ಯ ಹೇಳಿದ್ದು ಇದನ್ನೇ ಎಂದು ನನ್ನ ನಂಬಿಕೆ.

ಆ ಪಂದ್ಯ ಪ್ಯಾಂಥರ್ಸ್ 29-10ರಿಂದ ಗೆದ್ದಿತು. ಮುಂದೆ ಸೇಂಟ್ ಲೂಯಿಸ್ ತಂಡವನ್ನು ಎರಡು ಹೆಚ್ಚುವರಿ ಅವಧಿಯ ನಂತರ, ಆಮೇಲೆ ಫಿಲಡೆಲ್ಫಿಯಾವನ್ನು ಸೋಲಿಸಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಹೋಯಿತು. ಅಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಆಟ ಮುಗಿಯಲು ನಾಲ್ಕು ಸೆಕೆಂಡ್ ಇದ್ದಾಗ ಎದುರಾಳಿ ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸಿದ್ದರಿಂದ 32-29ರಲ್ಲಿ ಸೋತಿತು. ಮಿಲ್ಸ್ ಮುಂದಿನ ಸೀಸನ್ ಕೂಡ ಕೋಚ್ ಆಗಿ ಕೆಲಸ ಮಾಡಿದ. 2005ರ ಏಪ್ರಿಲ್ 18ರಂದು ತೀರಿಕೊಂಡ, ವಯಸ್ಸು 45. ಮಾರ್ಕ್ ಫೀಲ್ಡ್ಸ್ ಗುಣಮುಖನಾಗಿ ಮೈದಾನಕ್ಕೆ ಮರಳಿದ್ದ. ಪ್ಯಾಂಥರ್ಸ್ ಇನ್ನೆಂದೂ ಯಾರಿಗೂ ಕೊಡುವುದಿಲ್ಲ ಎಂದು ತೆಗೆದಿಟ್ಟಿರುವ ಒಂದೇ ಸಂಖ್ಯೆ 51. ತವರು ಪಂದ್ಯಗಳಿಗೆ ಮುಂಚೆ ಅಲ್ಲಿ ಒಂದು ದೊಡ್ಡ ಡೋಲು ಬಾರಿಸುತ್ತಾರೆ. ಅದಕ್ಕೆ ಅವನ ಆ ಎರಡು ಪದಗಳದ್ದೇ ಹೆಸರು. ನಾನೂ ಒಂದು ಭಾನುವಾರ ಆ ಸದ್ದು ಕೇಳಿದೆ. ಎದೆಗೂಡಿನಲ್ಲಿ ಕೇಳಿಸುತ್ತದೆ.

ಇನ್ನೊಂದು ಬಾಕಿ ಇದೆ. ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ ಈ ಆಟದ ಗೌರವ ಭವನ ಇದೆ, ಹಾಲ್ ಆಫ್ ಫೇಮ್. ನಿವೃತ್ತಿಯಾಗಿ ಐದು ವರ್ಷ ಕಳೆದ ಮೇಲೆ ಸಾಮಾನ್ಯ ಪಟ್ಟಿಯಲ್ಲಿ ಇಪ್ಪತ್ತು ವರ್ಷ ಮಾತ್ರ ಹೆಸರು ಪರಿಗಣಿಸುತ್ತಾರೆ. ಮಿಲ್ಸ್ ಹೆಸರು 2003ರಿಂದ ಅಲ್ಲಿತ್ತು. ವರ್ಷ ವರ್ಷ ಬಿಟ್ಟರು. ಇಪ್ಪತ್ತನೆಯ, ಕೊನೆಯ ವರ್ಷ 2022ರಲ್ಲಿ ಆರಿಸಿದರು. ಸತ್ತ ಮೇಲೂ ಈ ಮನುಷ್ಯ ಸಾಲಿನ ಕೊನೆಯಲ್ಲಿ ನಿಂತು ಕಾದ. ಆಗಸ್ಟ್‌ನ ಆ ಸಮಾರಂಭದಲ್ಲಿ ಅವನ ಪರವಾಗಿ ವೇದಿಕೆ ಹತ್ತಿದವರು ಹೆಂಡತಿ ಮೆಲನಿ. ಅಲ್ಲಿ ಎಲ್ಲರದೂ ಕಂಚಿನ ಮುಖಪ್ರತಿಮೆ ಮಾಡಿಸಿ ಗೂಡುಗಳಲ್ಲಿ ಇಟ್ಟಿರುತ್ತಾರೆ. ತಲೆ ಮತ್ತು ಹೆಗಲು ಅಷ್ಟೇ, ಕೆಳಗೆ ಏನೂ ಇಲ್ಲ.

ಈಗ ಆ ತುಣುಕು. ದಯವಿಟ್ಟು ಯಾರಾದರೂ ದೀಪ ಆರಿಸಿ, ಕಿಟಕಿ ಪರದೆ ಎಳೆಯಿರಿ. 1995ರ ಅಕ್ಟೋಬರ್ 15, ಕ್ಲೆಮ್ಸನ್ ಮೈದಾನ, ಎದುರಾಳಿ ನ್ಯೂಯಾರ್ಕ್ ಜೆಟ್ಸ್. ಅವರ ಕ್ವಾರ್ಟರ್‌ಬ್ಯಾಕ್ ಬಬ್ಬಿ ಬ್ರಿಸ್ಟರ್ ಶವಲ್ ಪಾಸ್ ಎಂಬ ಎಸೆತಕ್ಕೆ ಹೋಗುತ್ತಾನೆ. ಸಲಿಕೆಯಲ್ಲಿ ಮಣ್ಣು ತಳ್ಳಿದ ಹಾಗೆ ಕೈ ಕೆಳಗಿನಿಂದ ಹತ್ತಿರದ ಓಟಗಾರನಿಗೆ ಚೆಂಡು ತಳ್ಳುವುದು. ತಡೆಯುವವರೆಲ್ಲ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗಿರುವಾಗ ಅವರ ನಡುವಿನ ಸಂದಿಯಲ್ಲೇ ಚೆಂಡು ದಾಟಿಸುವ ಉಪಾಯ ಅದು. ಮಿಲ್ಸ್ ಆ ಚೆಂಡು ಹಿಡಿದು 36 ಗಜ ಓಡಿ ಗಡಿ ದಾಟುತ್ತಾನೆ. ಕಾಮೆಂಟರಿಯವರು ಓಟವನ್ನು ಹೊಗಳುತ್ತಾರೆ, ನೀವು ಓಟ ನೋಡಬೇಡಿ. ಚೆಂಡನ್ನೂ ನೋಡಬೇಡಿ. ಮೊದಲ ಸಲ ಹಾಕಿದಾಗ 51ರ ಪಾದ ಮಾತ್ರ ನೋಡಿ. ಅವು ಯಾವಾಗ ನಿಂತವು, ಯಾವಾಗ ಮುಂದಕ್ಕೆ ಹೊರಟವು, ಆಗ ಬ್ರಿಸ್ಟರ್ ಕೈ ಎಲ್ಲಿತ್ತು, ಇದನ್ನು ಬರೆದುಕೊಳ್ಳಿ. ಎರಡನೆಯ ಸಲ ನಿಧಾನವಾಗಿ ಹಾಕುತ್ತೇನೆ.